ಕರಡಿ ಓಡಿಸುವ ಕೂಗು

ಫೆಬ್ರವರಿ ೯

ಮಗಳು ಅಳಿಲಿಗೆ,

ಸಂಜೆ ಆರೂವರೆ. ಇವತ್ತೆಲ್ಲ ಬಸ್ಸು, ರೈಲು, ಕಾರು, ಕೊನೆಗೆ ಲಿಫ್ಟು. ಲಿಫ್ಟಿನಲ್ಲಿ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಯಾರಾದರೂ ಬರಲಿ ಎಂದು ಒಳಗೇ ನಿಂತಿದ್ದೆ. ಬಂದವರು ಅವರವರ ಮಹಡಿಗೆ ಹೋದರು, ನಾನೂ ಅವರ ಜೊತೆ ಮೇಲೆ ಕೆಳಗೆ ಓಡಾಡಿದೆ. ಆಮೇಲೆ ಮೆಟ್ಟಿಲು ಹತ್ತಿ ರೂಮು ಸೇರಿದೆ.

ಸಿನಿಮಾದವರು ಒಳ್ಳೆಯ ಹೋಟೆಲಿನಲ್ಲೇ ಇಳಿಸಿದ್ದಾರೆ. ಕಿಟಕಿ ಗೋಡೆಯಷ್ಟು ದೊಡ್ಡದು, ಆದರೆ ತೆರೆಯುವುದಿಲ್ಲ. ಚಿಲಕ ಎಲ್ಲಿದೆಯೆಂದು ತಡಕಾಡುತ್ತಿದ್ದಾಗ ನೀರಿನ ಬಾಟಲಿ ತಂದಿಟ್ಟವನು, "ಇದಕ್ಕೆ ಚಿಲಕಾನೇ ಇಲ್ಲ ಯಜಮಾನ್ರೆ, ಬರೀ ನೋಡಕ್ಕೆ" ಎಂದ. ನೋಡಲು ಏನೂ ಇಲ್ಲ. ಎದುರಿಗೆ ಇಂಥದ್ದೇ ಇನ್ನೊಂದು ಕಿಟಕಿ, ಅದರ ಹಿಂದೆ ಒಬ್ಬ ನನ್ನನ್ನೇ ನೋಡುತ್ತಿದ್ದಾನೆ.

ಸಿನಿಮಾದ ಕಥೆ ಹೇಳಿದರು. ಕಾಡಿನಲ್ಲಿ ಬೆಳೆದವನೊಬ್ಬನಿಗೆ ನಗರದಲ್ಲಿ ಹನ್ನೊಂದನೆಯ ಮಹಡಿಯ ಮನೆಯೊಂದು ಚಿಕ್ಕಪ್ಪನಿಂದ ಬರುತ್ತದೆ. ಅವನು ಬಂದು ಇಲ್ಲಿ ಪಡುವ ಪಾಡೇ ನಗೆ. ಕಾಡು ಕಾಯುವವನು ಹೇಗೆ ನಡೆಯುತ್ತಾನೆ, ಹೇಗೆ ಕೂರುತ್ತಾನೆ, ಗಂಟು ಹೇಗೆ ಹಾಕುತ್ತಾನೆ ಎಂದು ಹೀರೋಗೆ ಕಲಿಸುವುದು ನನ್ನ ಕೆಲಸ. ಹೀರೋ ಒಳ್ಳೆಯ ಹುಡುಗ. ಎದೆಯವರೆಗೆ ಗಡ್ಡ ಅಂಟಿಸಿದ್ದಾರೆ. ಇಪ್ಪತ್ತೆಂಟು ವರ್ಷ ಕಾಡಿನಲ್ಲಿ ಗಸ್ತು ತಿರುಗಿದ ನನಗೆ ಗಡ್ಡ ಇಲ್ಲವೆಂದು ಡೈರೆಕ್ಟರಿಗೆ ಸ್ವಲ್ಪ ಬೇಸರವಾದಂತಿತ್ತು.

ಫೋನ್ ಮಾಡು ಎಂದು ನೀನು ಹೇಳಿದ್ದೆ. ಫೋನಿನಲ್ಲಿ ನನಗೆ "ಹೂಂ" ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ. ನಿನಗೂ ರೈಲ್ವೆ ಗೇಟಿನ ಡ್ಯೂಟಿಯಲ್ಲಿ ಫೋನ್ ಹಿಡಿಯುವ ಹಾಗಿಲ್ಲ. ಅದಕ್ಕೆ ಕಾಗದ.

ರೂಮಿನಲ್ಲಿ ಎರಡು ಮಂಚಗಳಿವೆ. ಒಂದರ ಮೇಲೆ ಚೀಲ ಇಟ್ಟಿದ್ದೇನೆ.

ಊರಿನಲ್ಲಿದ್ದಿದ್ದರೆ ಈ ಹೊತ್ತಿಗೆ ಗಸ್ತು ಮುಗಿಸಿ ಬೆಟ್ಟದ ಕೊನೆಯ ತಿರುವಿನಲ್ಲಿರುತ್ತಿದ್ದೆ. ಇರಲಿ. ನಾಳೆ ಎಂಟಕ್ಕೆ ಕಾರು ಬರುತ್ತದೆ.

ನಿನ್ನ ಅಪ್ಪ

&nbsp;

ಫೆಬ್ರವರಿ ೧೭

ಅಪ್ಪಾ,

ಕಾಗದ ಬಂತು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಗು ಹೋಯಿತು, ಸಿಟ್ಟು ಇನ್ನೂ ಇದೆ.

ಅಮ್ಮ ಹೋಗಿ ಮೂರು ತಿಂಗಳು ತುಂಬಿಲ್ಲ. ನನ್ನ ಹತ್ತಿರ ಬಂದಿರು ಎಂದು ಎಷ್ಟು ಕರೆದೆ. ನೀನು "ಕೆಲಸ ಇದೆ" ಎಂದೆ. ಈಗ ನೋಡಿದರೆ ರಜೆ ಹಾಕಿ, ಗಡ್ಡ ಅಂಟಿಸಿಕೊಂಡವನಿಗೆ ನಡೆಯಲು ಕಲಿಸುತ್ತಿದ್ದೀಯ. ನಡೆಯಲು ಬಾರದವನನ್ನು ಹೀರೋ ಯಾಕೆ ಮಾಡಿದರು? ನಿನಗೆ ಇದನ್ನು ತಂದುಕೊಟ್ಟ ಆ ನಿನ್ನ ರೇಂಜರ್ ಸಾಹೇಬರು ಒಳ್ಳೆಯದಾಗಲಿ ಎಂದೇ ಮಾಡಿರಬಹುದು. ಆದರೂ ನನಗೆ ಹೊಟ್ಟೆ ಉರಿಯುತ್ತದೆ.

ಪಕ್ಕದ ಕ್ವಾರ್ಟರ್ಸಿನ ಅಕ್ಕ ಕೇಳಿದರು, "ನಿಮ್ಮಪ್ಪ ಸಿನಿಮಾಕ್ಕೆ ಹೋದ್ರಂತಲ್ಲೇ, ಹೀರೋನಾ, ವಿಲನ್ನಾ?" ನಾನು, "ಮರ" ಎಂದೆ. "ಹಾಗಂದ್ರೆ?" ಎಂದರು. "ಸುಮ್ನೆ ನಿಂತಿರೋದು ಅಕ್ಕ, ಅದು ಅಪ್ಪನಿಗೆ ಚೆನ್ನಾಗಿ ಬರತ್ತೆ" ಎಂದೆ.

ಅಮ್ಮನ ಅಂತ್ಯಕ್ರಿಯೆಯ ಕೆಲಸಗಳೆಲ್ಲ ಮುಗಿಯುವವರೆಗೂ ನೀನು ಹಾಗೇ ನಿಂತಿದ್ದೆ. ನನ್ನ ಕಣ್ಣಿಗೆ ಅದೇ ಕಟ್ಟಿದೆ.

ಒಂದು ವಿಷಯ. ಮನೆಗೆ ಬೀಗ ಹಾಕುವಾಗ ಅಡುಗೆಮನೆಯ ಮೊಳೆಯಲ್ಲಿದ್ದ ತಟ್ಟೆಯನ್ನು ಏನು ಮಾಡಿದೆ? ನೀನು ಗಸ್ತು ಮುಗಿಸಿ ಕೊನೆಯ ತಿರುವಿನಲ್ಲಿ ನಿಂತು ಒಂದು ಸಲ ಕೂಗುವುದು, ಅಮ್ಮ ಕೆಳಗಿನಿಂದ ಆ ತಟ್ಟೆಗೆ ಸೌಟಿನಲ್ಲಿ ಎರಡೇಟು ಬಾರಿಸುವುದು. ನೀರು ಕಾಯಕ್ಕಿಟ್ಟಿದೀನಿ, ಬಾ ಎಂದು. ಸಿಟ್ಟಿದ್ದರೆ ತಡಮಾಡಿ ಒಂದೇ ಏಟು. ನಾನು ಬಾರಿಸುತ್ತೇನೆ ಎಂದು ಅತ್ತರೂ ಒಮ್ಮೆಯೂ ಕೊಡಲಿಲ್ಲ. "ನನ್ನನ್ನ ಕರೀತಿರೋದು ಕಣೇ, ನಿನ್ನನ್ನಲ್ಲ" ಎನ್ನುತ್ತಿದ್ದಳು. ಆ ತಟ್ಟೆ ನನಗೆ ಬೇಕು.

ಹನ್ನೆರಡರ ಗೂಡ್ಸ್ ಬರುವ ಹೊತ್ತಾಯಿತು. ನಾಳೆಯೂ ನನಗೆ ಹಗಲು ಡ್ಯೂಟಿ.

ಅಳಿಲು

&nbsp;

ಮಾರ್ಚ್ ೨

ಅಳಿಲಿಗೆ,

ಮಧ್ಯಾಹ್ನ ಎರಡು. ಇವತ್ತು ಶೂಟಿಂಗ್ ಬೇಗ ಮುಗಿಯಿತು, ಅಂಟಿಸಿದ ಗಡ್ಡದಿಂದ ಹೀರೋಗೆ ತುರಿಕೆ ಹತ್ತಿದೆ.

ತಟ್ಟೆ ಮೊಳೆಯಲ್ಲೇ ಇದೆ.

ನನಗಿಲ್ಲಿ ತಲೆ ಚಿಟ್ಟುಹಿಡಿದುಹೋಗಿದೆ. ನಾನು ಕಲಿಸಲು ಬಂದದ್ದು ಇವರಿಗೆ ಬೇಡ. ಮೊದಲ ದಿನ ಸದ್ದಾಗದಂತೆ ಹೆಜ್ಜೆ ಇಡುವುದನ್ನು ತೋರಿಸಿದೆ. ಡೈರೆಕ್ಟರು ನೋಡಿ, "ಯಜಮಾನ್ರೆ, ಹೀಗ್ ನಡೆದ್ರೆ ಹೀರೋ ಬಂದಿದ್ದೇ ಯಾರಿಗೂ ಗೊತ್ತಾಗಲ್ವಲ್ಲ" ಎಂದರು.

"ಗೊತ್ತಾಗಬಾರ್ದು ಅಂತಾನೇ ಹಾಗೆ ನಡೆಯೋದು."

"ಪ್ರೊಡ್ಯೂಸರ್ ಒಪ್ಪಲ್ಲ" ಎಂದು ಬಿಟ್ಟರು. ಈಗ ಹೀರೋ ಬಾಗಿಲು ಒದ್ದುಕೊಂಡು ಬರುತ್ತಾನೆ.

ಇವರಿಗೆ ಬೇಕಾದದ್ದು ನನ್ನ ಪೆದ್ದುತನ. ಕಥೆ ಬರೆಯುವವಳೊಬ್ಬಳು ಇದ್ದಾಳೆ, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ದಪ್ಪ ಕನ್ನಡಕ. ಎಲ್ಲರೂ ರೈಟರಮ್ಮ ಎನ್ನುತ್ತಾರೆ. ನನ್ನ ಹಿಂದೆಯೇ ತಿರುಗುತ್ತಾ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಾಳೆ. ಹೋಟೆಲಿನ ನಲ್ಲಿಗೆ ತಿರುಪೇ ಇಲ್ಲ, ಕೈ ಒಡ್ಡಿದರೆ ತಾನೇ ಸುರಿಯುತ್ತದೆ. ನಾನು ತಿರುಪು ಹುಡುಕಲು ಕೈ ಹಾಕಿ, ನೀರು ಬಂದ ರಭಸಕ್ಕೆ ಹಿಂದಕ್ಕೆ ಹಾರಿ ಒಬ್ಬರ ಕಾಲು ತುಳಿದೆ. ಮರುದಿನ ಹೀರೋ ನಲ್ಲಿಯ ಮುಂದೆ ಹಾರಿ ಕಾಲು ತುಳಿದ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತುಳಿದ. ಗಾಜಿನ ಬಾಗಿಲು ತೆರೆದಿದೆಯೆಂದುಕೊಂಡು ನಾನು ಹಣೆ ಜಜ್ಜಿಕೊಂಡೆ. ಅದೂ ಆಯಿತು. ನನ್ನ ಹಣೆಯ ಬುಗುಟನ್ನು ನೋಡಿಕೊಂಡೇ ಮೇಕಪ್ಪಿನವನು ಅವನಿಗೊಂದು ಬುಗುಟು ಅಂಟಿಸಿದ.

ಸಾಕಪ್ಪ ಎಂದು ಒಂದು ದಿನ ಏನೂ ಮಾಡದೆ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಊಟಕ್ಕೂ ಏಳಲಿಲ್ಲ. ಸಂಜೆ ಅವಳು ಬಂದು, "ಯಜಮಾನ್ರೆ, ಇಷ್ಟು ಹೊತ್ತು ಅಲ್ಲಾಡದೆ ಕೂರೋದು ಕಾಡಲ್ಲಿ ಅಭ್ಯಾಸನಾ?" ಎಂದಳು. ನಿನ್ನೆ ಆ ದೃಶ್ಯ ತೆಗೆದರು. ಹೀರೋ ಬಟ್ಟೆಯಂಗಡಿಯಲ್ಲಿ ಅಲ್ಲಾಡದೆ ಕೂತಿರುತ್ತಾನೆ, ಜನ ಬೊಂಬೆಯೆಂದು ತಿಳಿದು ಅವನ ಅಂಗಿಯನ್ನು ಎಳೆದು ನೋಡುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸುಮ್ಮನೆ ಕೂರಲೂ ಬಿಡುವುದಿಲ್ಲ ಮಗಳೇ. ನೀನು ಪಕ್ಕದ ಮನೆಯವರಿಗೆ ಹೇಳಿದ್ದು ಸರಿಯಾಗಿದೆ, ಆದರೆ ಇಲ್ಲಿ ಮರವನ್ನೂ ನೋಡಿ ನಗುತ್ತಾರೆ.

ನಾಳೆ ಹೀರೋಗೆ ಗಂಟು ಹಾಕುವುದನ್ನು ಕಲಿಸಬೇಕು. ಗಂಟಿನಲ್ಲಿ ನಗುವಂಥದ್ದು ಏನೂ ಇಲ್ಲ.

ನಿನ್ನ ಅಪ್ಪ

&nbsp;

ಮಾರ್ಚ್ ೧೧

ಅಳಿಲಿಗೆ,

ರಾತ್ರಿ ಎಂಟು. ನಿನ್ನ ಉತ್ತರ ಬಂದಿಲ್ಲ, ಆದರೂ ಬರೆಯುತ್ತಿದ್ದೇನೆ. ಒಂದು ತಪ್ಪಾಗಿಹೋಗಿದೆ.

ಮೊನ್ನೆ ಶೂಟಿಂಗ್ ಮುಗಿದ ಮೇಲೆ ಸಿನಿಮಾದ ಮನೆಯಿರುವ ಆ ಹನ್ನೊಂದು ಮಹಡಿಯ ಕಟ್ಟಡದ ತಾರಸಿಗೆ ಹೋದೆ. ಈ ಊರಿನಲ್ಲಿ ಗಾಜಿಲ್ಲದ ಜಾಗ ಅದೊಂದೇ. ಬಾಗಿಲು ಹಿಂದೆ ತಾನೇ ಹಾಕಿಕೊಂಡಿತು. ಹೊರಗಡೆಯಿಂದ ಅದಕ್ಕೆ ಹಿಡಿಯೇ ಇಲ್ಲ. ಬಡಿದೆ, ಯಾರೂ ಬರಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ ಕೂತೆ. ಹೊತ್ತು ಮುಳುಗುತ್ತಿತ್ತು. ಎದ್ದು ಅಂಚಿಗೆ ಬಂದು ನೋಡಿದರೆ ಕೆಳಗೆ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಎತ್ತರದಲ್ಲಿ ನಿಂತಿದ್ದೇನೆ, ಕೆಳಗೆ ದೀಪ ಹತ್ತುತ್ತಿದೆ. ಬಾಯಿ ತಾನಾಗಿಯೇ ತೆರೆದುಕೊಂಡಿತು.

ಕೂಗಿಬಿಟ್ಟೆ. ಒಂದೇ ಸಲ.

ಕೂಗಿ ಕಿವಿಗೊಟ್ಟು ನಿಂತೆ. ಏನಕ್ಕೆ ನಿಂತಿದ್ದೇನೆಂದು ಹೊಳೆದ ಮೇಲೆ ಕೂತುಕೊಂಡೆ.

ಆಗ ಬಾಗಿಲು ತೆರೆಯಿತು. ರೈಟರಮ್ಮ. ನನ್ನನ್ನು ಹುಡುಕಿಕೊಂಡು ಮೇಲೆ ಬಂದಿದ್ದಳಂತೆ.

"ಏನದು ಯಜಮಾನ್ರೆ? ಮೈಯೆಲ್ಲ ಜುಂ ಅಂತು! ಇನ್ನೊಂದ್ಸಲ ಕೂಗಿ. ತಡೀರಿ ತಡೀರಿ, ಫೋನು ಕೆಳಗೆ ಚಾರ್ಜಿಗೆ ಹಾಕಿದೀನಿ, ತಂದು ರೆಕಾರ್ಡ್ ಮಾಡ್ಕೋತೀನಿ."

"ಇಲ್ಲ, ಬೇಡ."

"ಯಾರನ್ನ ಕರೆದ್ರಿ?"

"ಯಾರನ್ನೂ ಇಲ್ಲಮ್ಮ. ಕರಡಿ ಬಂದ್ರೆ ಓಡ್ಸಕ್ಕೆ ಹಾಗೆ ಕೂಗ್ತೀವಿ."

ಬಾಯಿಗೆ ಬಂದದ್ದು ಅದು. ಬೇರೇನು ಹೇಳಲಿ?

ಮರುದಿನ ಬೆಳಿಗ್ಗೆಯೇ ದೃಶ್ಯ ತಯಾರಾಗಿತ್ತು. ರಸ್ತೆಯ ಕಾರುಗಳನ್ನು ಹೀರೋ ಕರಡಿ ಹಿಂಡು ಎಂದು ತಿಳಿದು ತಾರಸಿಯಿಂದ ಕೂಗುತ್ತಾನೆ. ಕಟ್ಟಡದ ಎಲ್ಲ ಕಿಟಕಿಗಳೂ ತೆರೆದುಕೊಂಡು ಜನ ಬೈಯುತ್ತಾರೆ, ಒಬ್ಬಳು ತಾರಸಿಗೇ ಹತ್ತಿಬಂದು ಮೊರದಲ್ಲಿದ್ದ ಈರುಳ್ಳಿ ಸಿಪ್ಪೆಯನ್ನು ಅವನ ತಲೆಯ ಮೇಲೆ ಸುರಿಯುತ್ತಾಳೆ. ಸಿನಿಮಾದಲ್ಲಿ ಅವನು ಗಳಿಗೆಗೊಮ್ಮೆ ಹಾಗೆ ಕೂಗಬೇಕಂತೆ. ಲಿಫ್ಟಿನಲ್ಲಿ, ಬ್ಯಾಂಕಿನಲ್ಲಿ, ಕಕ್ಕಸಿನಲ್ಲಿ.

ನಾನು ಡೈರೆಕ್ಟರ ಹತ್ತಿರ ಹೋಗಿ ಅದೊಂದನ್ನು ತೆಗೆದುಬಿಡಿ ಎಂದೆ. "ಯಾಕೆ?" ಎಂದರು. ಹೇಳಲಾಗಲಿಲ್ಲ. "ಕರಡಿಗೆ ಬೇಜಾರಾಗತ್ತಾ ಯಜಮಾನ್ರೆ?" ಎಂದರು. ಲೈಟಿನವರು, ಅಡುಗೆಯವರು, ಹೀರೋ, ಎಲ್ಲರೂ ನಕ್ಕರು. ಪೆಚ್ಚಾಗಿ ನಾನೂ ನಕ್ಕೆ.

ನಾಳೆ ಆ ಕೂಗನ್ನು ಹೀರೋಗೆ ಕಲಿಸಬೇಕಂತೆ. ಗಂಟಲು ಕಟ್ಟಿದೆ ಎಂದು ಹೇಳುತ್ತೇನೆ.

ನಿನ್ನ ಅಪ್ಪ

&nbsp;

ಮಾರ್ಚ್ ೧೮

ಅಪ್ಪಾ,

ಕರಡಿ! ಅಮ್ಮ ಕೇಳಿಸಿಕೊಂಡಿದ್ದರೆ ಆ ತಟ್ಟೆಯನ್ನು ನಿನ್ನ ತಲೆಗೇ ಬಾರಿಸುತ್ತಿದ್ದಳು. ಮದುವೆಯಾದಂದಿನಿಂದ ಅವಳೊಬ್ಬಳಿಗೆ ಕೂಗಿದ್ದನ್ನು ಒಂದೇ ಮಾತಿನಲ್ಲಿ ಕರಡಿಗೆ ಬರೆದುಕೊಟ್ಟುಬಿಟ್ಟೆಯಲ್ಲ.

ಈ ಸಿನಿಮಾ ನಾಳೆ ನಮ್ಮ ಊರಿನ ಥಿಯೇಟರಿಗೂ ಬರುತ್ತದೆ. ಪಕ್ಕದ ಅಕ್ಕ ನನ್ನ ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ಗಡ್ಡದವನು ಕಕ್ಕಸಿನಲ್ಲಿ ಕೂತು ನನ್ನ ಅಮ್ಮನನ್ನು ಕರೆಯುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ, ನಾನು ಅವರ ನಡುವೆ ಕಡಲೆಕಾಯಿ ತಿನ್ನುತ್ತಾ ಕೂತಿರಬೇಕು. ಯೋಚನೆ ಮಾಡಿದೆಯಾ?

ಗಂಟಲು ಎಷ್ಟು ದಿನ ಕಟ್ಟುತ್ತದೆ? ಹೋಗಿ ಇದ್ದದ್ದು ಇದ್ದಹಾಗೆ ಹೇಳು. ಅವರೂ ಮನುಷ್ಯರೇ ಅಲ್ಲವೇ, ತೆಗೆಯುತ್ತಾರೆ. ನೀನು ಬಾಯಿ ಬಿಡುವುದಿಲ್ಲ, ಅದೇ ತೊಂದರೆ. ನನ್ನ ಹತ್ತಿರವೂ ಬಿಟ್ಟಿಲ್ಲ.

ಇನ್ನೊಂದು ಇದೆ. ಕೇಳಲೋ ಬೇಡವೋ ಎಂದು ಎರಡು ಗಾಡಿ ದಾಟಿಹೋಗುವವರೆಗೆ ಪೆನ್ನು ಹಿಡಿದು ಕೂತಿದ್ದೆ.

ಅಮ್ಮ ಹೋದ ಆ ದಿನ ಸಂಜೆ ನೀನು ತಿರುವಿನಲ್ಲಿ ಕೂಗಿದೆಯಾ?

ನಾಳೆ ನನಗೆ ವಾರದ ರಜೆ. ಮನೆಯಲ್ಲೇ ಇರುತ್ತೇನೆ.

ಅಳಿಲು

&nbsp;

ಮಾರ್ಚ್ ೨೬

ಅಳಿಲಿಗೆ,

ಬೆಳಗಿನ ಐದು. ನಿನ್ನೆಯ ದಿನದ್ದನ್ನು ಬರೆಯುತ್ತಿದ್ದೇನೆ.

ಆ ದಿನ ಕೂಗಿದೆ. ತಟ್ಟೆ ಕೇಳಿಸಲಿಲ್ಲ. ಸಿಟ್ಟಿರಬೇಕು ಎಂದುಕೊಂಡು ಸ್ವಲ್ಪ ಕಾದೆ. ಎರಡನೆಯ ಸಲ ಕೂಗಿದೆ. ಅಲ್ಲಿಯವರೆಗೆ ಎಂದೂ ಎರಡನೆಯ ಸಲ ಕೂಗಿರಲಿಲ್ಲ. ಆಮೇಲೆ ಓಡಿದೆ. ಅಷ್ಟೇ.

ನೀನು ಹೇಳಿದಂತೆ ನಿಜ ಹೇಳಿದೆ. ಮೇಕಪ್ ವ್ಯಾನಿನಲ್ಲಿ ಡೈರೆಕ್ಟರು, ಹೀರೋ, ರೈಟರಮ್ಮ ಇದ್ದರು. ಹೀರೋಗೆ ಗಡ್ಡ ಅಂಟಿಸುತ್ತಿದ್ದರು. "ಅದು ಕರಡಿಗಲ್ಲ, ನನ್ನ ಹೆಂಡತಿಗೆ" ಎಂದೆ. ತಟ್ಟೆಯ ವಿಷಯ ಹೇಳಿದೆ. ಮೇಕಪ್ಪಿನವನು ಅರ್ಧ ಗಡ್ಡ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಹೀರೋ ಕಣ್ಣಲ್ಲಿ ನೀರು ಬಂತು. ಸದ್ಯ, ಮುಗಿಯಿತು ಎಂದುಕೊಂಡೆ.

ಡೈರೆಕ್ಟರು ಮೂಗು ಒರೆಸಿಕೊಂಡು, "ಯಜಮಾನ್ರೆ, ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ರಿ? ಇದೇ ನಮ್ಮ ಕ್ಲೈಮ್ಯಾಕ್ಸು!" ಎಂದರು.

ಹೀರೋ ತಾರಸಿಯಲ್ಲಿ ನಿಂತು ಕೂಗುತ್ತಾನೆ. ಎದುರು ಕಟ್ಟಡದ ಬಾಲ್ಕನಿಯಿಂದ ಹೀರೋಯಿನ್ ತಟ್ಟೆ ಬಾರಿಸುತ್ತಾಳೆ. ಇಬ್ಬರೂ ಒಂದಾಗುತ್ತಾರೆ. ಅಲ್ಲಿಂದಲೇ ಅಸಿಸ್ಟೆಂಟನಿಗೆ ಕೂಗಿ ಹೇಳಿದರು, "ಲೋ, ಪಳಪಳ ಹೊಳೆಯೋ ತಟ್ಟೆ ತರಿಸೋ! ಎರಡೇಟು ಸಾಲಲ್ಲ, ಏಳೆಂಟು ಬಾರಿಸ್ಲಿ, ಮ್ಯೂಸಿಕ್ ಸೇರಿಸೋಣ!"

"ಎರಡೇಟು ಅಂದ್ರೆ ನೀರು ಕಾಯ್ತಿದೆ ಅಂತ ಅರ್ಥ" ಎಂದೆ.

"ಏಳೆಂಟು ಅಂದ್ರೆ ಪ್ರೀತಿ ಅಂತ ಅರ್ಥ ಯಜಮಾನ್ರೆ" ಎಂದರು.

ಸುಳ್ಳು ಹೇಳಿದರೆ ನಗಲು ಇಟ್ಟುಕೊಂಡರು, ನಿಜ ಹೇಳಿದರೆ ಅಳಲು ಇಟ್ಟುಕೊಂಡರು. ಇವರ ಹತ್ತಿರ ಬಾಯಿ ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ. ಕೆಟ್ಟವರಲ್ಲ ಮಗಳೇ, ಅದೇ ನನಗೆ ಹೆಚ್ಚು ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಎದ್ದುಬರುತ್ತಿದ್ದೆ. ಹೀರೋ ರಾತ್ರಿ ನನ್ನ ರೂಮಿಗೆ ಬಂದು, "ಅಮ್ಮನ ಹೆಸರಲ್ಲಿ ಚೆನ್ನಾಗಿ ಮಾಡ್ತೀನಿ" ಎಂದು ಕೈಹಿಡಿದುಕೊಂಡ.

ಎದ್ದುಹೋದರೂ ಅವರು ಬಿಡುವುದಿಲ್ಲ. ರೈಟರಮ್ಮ ಒಂದು ಸಲ ಕೇಳಿದ್ದಾಳೆ, ನೆನಪಿನಿಂದ ಏನೋ ಒಂದು ಹೇಳಿಕೊಡುತ್ತಾಳೆ. ಏಪ್ರಿಲ್ ಒಂಬತ್ತಕ್ಕೆ ತಾರಸಿಯಲ್ಲಿ ರಿಹರ್ಸಲ್, ಎಲ್ಲರೆದುರು ನಾನು ಕೂಗಿ ತೋರಿಸಬೇಕು. ಹನ್ನೊಂದಕ್ಕೆ ನನ್ನ ರಜೆ ಮುಗಿಯುತ್ತದೆ. ಹತ್ತರ ಬೆಳಗಿನ ಗಾಡಿಗೆ ಟಿಕೆಟ್ ಮಾಡಿಸಿದ್ದಾರೆ. ಅದು ನಿನ್ನ ಗೇಟಿನ ಮೇಲೆಯೇ ಹೋಗುತ್ತದಲ್ಲವೇ?

ನಾಳೆ ತಟ್ಟೆ ಆರಿಸಲು ನನ್ನನ್ನು ಪಾತ್ರೆ ಅಂಗಡಿಗೆ ಕರೆದೊಯ್ಯುತ್ತಾರಂತೆ.

ನಿನ್ನ ಅಪ್ಪ

&nbsp;

ಏಪ್ರಿಲ್ ೩

ಅಪ್ಪಾ,

ನೀನು "ಅಷ್ಟೇ" ಎಂದು ಬರೆದಿದ್ದೀಯ. ನಾನೂ ಇನ್ನು ಕೇಳುವುದಿಲ್ಲ. ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ.

ಅವರಿಗೆ ಕೊಡಬೇಡ. ಹೇಗೆ ಕೊಡದಿರುವುದು ಎಂದು ಮಾತ್ರ ನನಗೂ ತೋಚುತ್ತಿಲ್ಲ. ನಿಜ ಹೇಳು ಎಂದು ಬುದ್ಧಿ ಹೇಳಿದವಳು ನಾನೇ, ಅದಕ್ಕೆ ನನ್ನ ಮೇಲೇ ಸಿಟ್ಟು. ಗೇಟು ಹಾಕಿದ್ದಾಗ ಹಾರ್ನ್ ಬಾರಿಸಿದ ಒಬ್ಬ ಲಾರಿಯವನಿಗೆ ನಿನ್ನೆ ಚೆನ್ನಾಗಿ ಬೈದೆ. "ಏನಕ್ಕಾ, ನಾನೇನು ಮಾಡಿದೆ?" ಎಂದ. "ನೀನಲ್ಲಪ್ಪ, ಡೈರೆಕ್ಟರು" ಎಂದೆ. ಅವನು ತಲೆ ಕೆರೆದುಕೊಂಡು ಹೋದ.

ಕರಡಿಯನ್ನು ನಿಜವಾಗಿ ಓಡಿಸುವುದು ಹೇಗೆಂದು ಚಿಕ್ಕಂದಿನಲ್ಲಿ ನನಗೊಮ್ಮೆ ಮಾಡಿ ತೋರಿಸಿದ್ದೆ, ನೆನಪಿದೆಯಾ? ಅದೇ ಆ ಗಂಟಲು ಹರಿದ ಕೋಣದ ಸದ್ದು. ಅಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಿದ್ದಳು. "ಪಾಪ, ಕರಡಿ ಹೆದರಿ ಓಡಲ್ಲ, ನಾಚ್ಕೊಂಡು ಓಡತ್ತೆ" ಎಂದಿದ್ದಳು. ಕರಡಿ ಎಂದ ಕೂಡಲೆ ಅದೇ ನೆನಪಾಗಿ, ಸಿಟ್ಟಿನ ನಡುವೆ ನಗು ಬಂತು.

ಹೌದು, ನಿನ್ನ ಗಾಡಿ ನನ್ನ ಗೇಟಿನ ಮೇಲೆಯೇ ಹೋಗುತ್ತದೆ. ನಿಲ್ಲುವುದಿಲ್ಲ. ಗೇಟಿಗೆ ಬರುವ ಮುಂಚೆ ಡ್ರೈವರು ಉದ್ದಕ್ಕೆ ಒಂದು ಸೀಟಿ ಹಾಕುತ್ತಾನೆ. ಅದು ನಿಂತ ಮೇಲೆ ಗಾಲಿಯ ಸದ್ದು ಮಾತ್ರ. ಆಗ ನಾನು ಕ್ಯಾಬಿನ್ನಿನ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತಿರಬೇಕು. ಬಲಗೈಯಲ್ಲಿ ಬಾವುಟ. ಎಡಗೈ ಖಾಲಿ.

ರಜೆಯ ದಿನ ನಮ್ಮ ಮನೆಗೆ ಹೋಗಿಬಂದೆ. ಬೀಗದ ಕೈ ಇನ್ನೊಂದು ನನ್ನ ಹತ್ತಿರ ಇದೆಯಲ್ಲ. ಅಡುಗೆಮನೆಯ ಮೊಳೆ ಈಗ ಖಾಲಿ. ಕ್ಯಾಬಿನ್ನಿನ ಬಾಗಿಲ ಪಕ್ಕ ಒಂದು ಮೊಳೆ ಹೊಡೆದಿದ್ದೇನೆ. ಯಾಕೆಂದು ಮೇಲಿನವರು ಕೇಳಿದರೆ ಲಾಟೀನು ತೂಗುಹಾಕಲು ಎನ್ನುತ್ತೇನೆ.

ನಾಳೆಯಿಂದ ಹತ್ತನೆಯ ತಾರೀಕಿನವರೆಗೆ ನನಗೆ ಹಗಲು ಡ್ಯೂಟಿಯೇ.

ಅಳಿಲು

&nbsp;

ಏಪ್ರಿಲ್ ೯

ಅಳಿಲಿಗೆ,

ರಾತ್ರಿ ಒಂಬತ್ತು. ಈಗಷ್ಟೇ ತಾರಸಿಯಿಂದ ಬಂದೆ. ಇವತ್ತು ರಿಹರ್ಸಲ್ ಇತ್ತು.

ಐದಕ್ಕೇ ಎಲ್ಲರೂ ಸೇರಿದ್ದರು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಹೀರೋಯಿನ್, ಕೈಯಲ್ಲಿ ಪಳಪಳ ತಟ್ಟೆ. ನಾನು ಅಂಗಡಿಯಲ್ಲಿ ಬೇಡ ಎಂದದ್ದನ್ನೇ ತಂದಿದ್ದರು. ಡೈರೆಕ್ಟರು ಎಲ್ಲರಿಗೂ ಸದ್ದು ಮಾಡಬೇಡಿ ಎಂದರು. ಹೀರೋ ನನ್ನ ಪಕ್ಕ ಕೈಕಟ್ಟಿ ನಿಂತ. ಹೊತ್ತು ಮುಳುಗುತ್ತಿತ್ತು. ಕೆಳಗೆ ದೀಪ ಹತ್ತಲು ಶುರುವಾಯಿತು. ಆ ಹೊತ್ತು, ಆ ಎತ್ತರ, ಬಾಯಿ ತೆರೆದರೆ ಅದೇ ಬಂದುಬಿಡುತ್ತದೆ ಎಂದು ಹೆದರಿದೆ.

ಆಗ ನಿನ್ನ ಅಮ್ಮ ನೆಲದ ಮೇಲೆ ಕೂತದ್ದು ನೆನಪಾಯಿತು.

ಕೈಗಳೆರಡನ್ನೂ ಮೇಲೆತ್ತಿ, ಕಾಲು ಅಗಲಿಸಿ, ಕರಡಿ ಓಡಿಸುವ ಕೂಗು ಕೂಗಿದೆ. ಗಂಟಲು ಹರಿದ ಕೋಣದ ಸದ್ದು ಎಂದೆಯಲ್ಲ, ಅದೇ. ಇಷ್ಟು ವರ್ಷ ಕಾಡಿನಲ್ಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಕೆಳಗೆ ಎಲ್ಲೋ ಮಗು ಅಳಲು ಶುರುಮಾಡಿತು. ಕಿಟಕಿಯೊಂದು ತೆರೆದುಕೊಂಡು, "ಯಾವನೋ ಅವನು? ಹೊಟ್ಟೆನೋವಾದ್ರೆ ಡಾಕ್ಟ್ರತ್ರ ಹೋಗೋ!" ಎಂದು ಒಬ್ಬ ಮುದುಕ ಬೈದ. ಹೀರೋಯಿನ್ ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೆ ಮತ್ತೆ ಪ್ರಯತ್ನ ಮಾಡಿಸಿದರು. ನಾನು ಕೂಗಿದಾಗಲೆಲ್ಲ ಅವಳು ನಗುತ್ತಾಳೆ, ಸೌಟು ತಟ್ಟೆಗೆ ತಾಗುವುದೇ ಇಲ್ಲ.

ಡೈರೆಕ್ಟರ ಮುಖ ಸಪ್ಪಗಾಯಿತು. "ಯಜಮಾನ್ರೆ, ನಿಮ್ಮ ಹೆಂಡತಿನ ಹೀಗಾ ಕರೀತಿದ್ದಿದ್ದು?"

"ಹೂಂ."

"ಅವ್ರು ಓಡಿ ಹೋಗ್ಲಿಲ್ವಾ?" ಎಂದ ಲೈಟಿನವನು. ಯಾರೋ ಅವನ ತಲೆಗೆ ಮೊಟಕಿದರು.

ಡೈರೆಕ್ಟರು ರೈಟರಮ್ಮನ ಕಡೆ ತಿರುಗಿದರು. "ನೀವು ಅವತ್ತು ಕೇಳಿದ್ದು ಇದೇನಾ? ಮೈ ಜುಂ ಅಂತು ಅಂದಿದ್ರಲ್ಲ."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ನನ್ನನ್ನು ನೋಡಿದಳು. ನಾನು ಪಾರಿವಾಳಗಳನ್ನು ನೋಡುತ್ತಿದ್ದೆ.

"ಇದೇ ಸಾರ್" ಎಂದಳು. "ದೂರದಿಂದ ಕೇಳಿದ್ದಕ್ಕೆ ಹಾಗನ್ಸಿರ್ಬೇಕು."

ಡೈರೆಕ್ಟರು ಸ್ವಲ್ಪ ಹೊತ್ತು ಅತ್ತಿತ್ತ ತಿರುಗಾಡಿದರು. "ಸೆಂಟಿಮೆಂಟ್ ಬೇಡ ಬಿಡಿ, ಕಾಮಿಡೀನೇ ಇರ್ಲಿ. ತಟ್ಟೆ ವಾಪಸ್ ಕೊಟ್ಟುಬಿಡ್ರೋ" ಎಂದರು. ಹೀರೋಗೆ ಕೋಣದ ಸದ್ದು ಕಲಿಸಿಕೊಟ್ಟೆ. ಬೇಗ ಕಲಿತ. ಲಿಫ್ಟಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಬೇಕಾದರೂ ಕೂಗಿಕೊಳ್ಳಲಿ. ಪಕ್ಕದ ಅಕ್ಕನ ಜೊತೆ ನೀನೂ ಹೋಗಿ ನಗು. ಅದಕ್ಕೆ ಅಮ್ಮನೂ ನಕ್ಕವಳೇ.

ಕೆಳಗಿಳಿಯುವಾಗ ರೈಟರಮ್ಮ ಲಿಫ್ಟು ಬಿಟ್ಟು ನನ್ನ ಜೊತೆ ಮೆಟ್ಟಿಲಿಳಿದಳು. ಹನ್ನೊಂದು ಮಹಡಿ ಇಳಿದರೂ ಏನೂ ಬರೆದುಕೊಳ್ಳಲಿಲ್ಲ. ಬಾಗಿಲ ಹತ್ತಿರ, "ಊರಿಗೆ ಹೋಗಿ ಗಂಟಲು ನೋಡ್ಕೊಳ್ಳಿ ಯಜಮಾನ್ರೆ" ಎಂದಳು. ಗಾಜಿನ ಬಾಗಿಲನ್ನು ಅವಳೇ ತೆರೆದು ಹಿಡಿದಳು.

ಗಂಟಲು ಸ್ವಲ್ಪ ಕೆಟ್ಟಿದೆ. ಬಿಸಿನೀರು ಕುಡಿಯುತ್ತಿದ್ದೇನೆ. ಬೆಳಿಗ್ಗೆಗೆ ಸರಿಹೋಗಬೇಕು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹೋಟೆಲಿನವರು ದಿನವೂ ಇಡುತ್ತಿದ್ದ ಸಣ್ಣ ಸೋಪುಗಳು ಉಳಿದಿವೆ, ಅವುಗಳ ಜೊತೆ ಕರವಸ್ತ್ರದಲ್ಲಿ ಗಂಟು ಕಟ್ಟಿ ನಿನ್ನ ಕ್ಯಾಬಿನ್ನಿನ ಕಡೆ ಎಸೆಯುತ್ತೇನೆ. ನೀನು ಇದನ್ನು ಓದುವ ಹೊತ್ತಿಗೆ ಗಾಡಿ ಮುಂದಕ್ಕೆ ಹೋಗಿರುತ್ತದೆ, ಬಾವುಟ ಬಿಟ್ಟು ಓಡಲಿಲ್ಲ ತಾನೇ? ಮುಂದಿನ ತಿಂಗಳು ನಾಲ್ಕು ದಿನ ರಜೆ ಕೇಳುತ್ತೇನೆ. ಆಗ ಗೇಟಿನಲ್ಲಿ ನಿನ್ನ ಜೊತೆ ಕೂರುತ್ತೇನೆ.

ಚೀಲ ಕಟ್ಟಿ ಆಯಿತು. ಎಡಗಡೆಯ ಬಾಗಿಲಲ್ಲಿ ನಿಂತಿರುತ್ತೇನೆ. ನಾಳೆ ಗಾಡಿ ನಿನ್ನ ಗೇಟನ್ನು ಹನ್ನೊಂದೂಕಾಲಕ್ಕೆ ದಾಟುತ್ತದೆ.

ನಿನ್ನ ಅಪ್ಪ